ಊದಿದರೆ ನಷ್ಟ, ಸುಮ್ಮನೆ ಕೂತರೆ ಲಾಭ

ಡೋನಟ್ ಅಂಗಡಿಯ ಕೆಲಸ ಮುಗಿಸಿದ ಡಾರ್ಲೀನ್, ತಲೆಗೂದಲಿನ ಸಕ್ಕರೆಪುಡಿಯನ್ನೂ ಕೊಡವದೆ ನೇರ ಹೈಸ್ಕೂಲಿಗೆ ಬಂದಳು. ಮಗಳು ಬ್ರಿನ್ ಬಾಗಿಲಲ್ಲೇ ಕಾಯುತ್ತಿದ್ದಳು. ವಿಷಯ ಬದಲಾಯಿಸಲು ಅಂದೇ ಕೊನೆಯ ದಿನ. ಅದಕ್ಕೆ ಅಮ್ಮನ ಸಹಿ ಬೇಕಿತ್ತು.

“ಬ್ಯಾಂಡ್ ಬಿಡ್ತೀಯಾ? ನೀನಾ?”

“ಬಿಡಲೇಬೇಕಮ್ಮ. ಕಷ್ಟದ ವಿಷಯದಲ್ಲಿ ‘ಎ’ ಬಂದ್ರೆ ಐದು ಅಂಕ, ಬ್ಯಾಂಡಲ್ಲಿ ‘ಎ’ ಬಂದ್ರೂ ನಾಲ್ಕೇ. ನನ್ನ ಸರಾಸರಿ ನಾಲ್ಕೂವರೆ ಇದೆ. ನಾಲ್ಕು ಸೇರಿದ ಹಾಗೆಲ್ಲ ಅದು ಇಳಿಯುತ್ತೆ. ಬದಲಿಗೆ ಖಾಲಿ ಪೀರಿಯಡ್ ತಗೊಂಡ್ರೆ ಇಳಿಯೋದೇ ಇಲ್ಲ.”

“ಅಂದ್ರೆ ಚೆನ್ನಾಗಿ ಊದಿದ್ರೆ ನಷ್ಟ, ಸುಮ್ನೆ ಕೂತ್ರೆ ಲಾಭ! ಇದ್ಯಾವ ಊರಿನ ನ್ಯಾಯನೇ?”

“ನಮ್ಮ ಕ್ಲಾಸಿನ ಟ್ಯಾನರ್ ಹಾಡಿನ ಕ್ಲಾಸ್ ಬಿಟ್ಟ, ಈಗ ಅವನೇ ಫಸ್ಟ್ ಇದ್ದಾನೆ. ಫಸ್ಟ್ ಬರದಿದ್ರೆ ನಾನು ಅರ್ಜಿ ಹಾಕೋ ಕಾಲೇಜುಗಳು ನನ್ನ ಮೂಸಿ ಕೂಡ ನೋಡಲ್ಲ.”

ಡಾರ್ಲೀನ್‌ಗೆ ಸಂಕಟವಾಯಿತು. ಮೂರು ವರ್ಷದಿಂದ ಮಗಳ ಆ ಆನೆಮರಿಯಂಥ ಕಹಳೆ, ಟ್ಯೂಬಾ, ಅವಳ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಓಡಾಡಿತ್ತು. ಬ್ರಿನ್ ಊದಿದಾಗೆಲ್ಲ ಪಕ್ಕದ ಮನೆಯ ನಾಯಿ ದನಿಗೂಡಿಸುತ್ತಿತ್ತು. ಅದನ್ನು ಬಿಟ್ಟರೆ ಹುಡುಗಿಯ ಮುಖದಲ್ಲಿ ನಗು ಎಲ್ಲಿಂದ ಬರಬೇಕು? ಹಾಗಂತ ಸಹಿ ಹಾಕದೆ ಇವಳ ಕಾಲೇಜು ತಪ್ಪಿದರೆ?

ಮಕ್ಕಳಿಗೆ ಕಾಲೇಜಿನ ದಾರಿ ಹೇಳುವ ಮಿಸೆಸ್ ಪ್ರುವಿಟ್‌ಳ ಕೋಣೆಗೆ ಇಬ್ಬರೂ ಹೋದರು. ಡಾರ್ಲೀನ್ ಪೆನ್ನು ಹಿಡಿದವಳು ಹಾಗೇ ತಡೆದಳು.

“ಮೇಡಂ, ಪಕ್ಕದೂರಿನ ಸ್ಕೂಲಲ್ಲಿ ‘ಎ’ಗೆ ಆರು ಕೊಡ್ತಾರಂತೆ. ಹಾಗಾದ್ರೆ ಆ ಮಕ್ಕಳು ನಮ್ಮವರಿಗಿಂತ ಬುದ್ಧಿವಂತರಾ?”

ಮಿಸೆಸ್ ಪ್ರುವಿಟ್ ಗೊಳ್ಳೆಂದು ನಕ್ಕಳು. “ಒಂದೊಂದು ಸ್ಕೂಲಿಗೆ ಒಂದೊಂದು ತಕ್ಕಡಿ! ಅದಕ್ಕೇ ಬ್ರಿನ್ ಅರ್ಜಿ ಹಾಕೋ ಕಾಲೇಜಿನವರು ನಮ್ಮ ತಕ್ಕಡಿ ಪಕ್ಕಕ್ಕಿಟ್ಟು ತಾವೇ ಮತ್ತೆ ಲೆಕ್ಕ ಹಾಕ್ತಾರೆ. ಎಂಥಾ ಕಷ್ಟದ ವಿಷಯ ತಗೊಂಡೆ, ಅದರಲ್ಲಿ ಹೇಗೆ ಓದಿದೆ, ಅಷ್ಟೇ ಅವರಿಗೆ ಬೇಕಾಗಿರೋದು. ಬ್ಯಾಂಡಿನ ನಾಲ್ಕು ಅಂಕ ಆ ಲೆಕ್ಕಕ್ಕೇ ಬರಲ್ಲ. ಆದ್ರೆ ಬಿಡದೆ ಊದಿದ್ದು ಅವರ ಕಣ್ಣಿಗೆ ಬೀಳುತ್ತೆ. ಕೊನೇ ವರ್ಷ ಖಾಲಿ ಕೂತ್ರೆ ಅದೂ ಬೀಳುತ್ತೆ ಮಗಳೇ.”

“ಮತ್ತೆ ಸ್ಕೂಲಿಗೆ ಫಸ್ಟ್ ಬರೋದು?” ಬ್ರಿನ್‌ಳ ದನಿ ಸಣ್ಣದಾಯಿತು.

“ಅದು ಟ್ಯಾನರ್‌ಗೇ ಹೋಗಬಹುದು, ಸುಳ್ಳು ಹೇಳಲ್ಲ. ಸ್ಕೂಲು ಮುಗಿಸೋ ದಿನದ ಸಮಾರಂಭದಲ್ಲಿ ಫಸ್ಟ್ ಬಂದವರು ಮಾಡೋ ಭಾಷಣನೂ ಅವನದ್ದೇ.”

ಆಸೆ ಮಗಳದ್ದು, ತೀರ್ಮಾನವೂ ಅವಳದ್ದೇ ಆಗಲಿ ಎಂದು ಡಾರ್ಲೀನ್ ಪೆನ್ನಿನ ಮುಚ್ಚಳವನ್ನೇ ತಿರುಗಿಸುತ್ತಾ ಕೂತಳು.

ಬ್ರಿನ್ ಕಿಟಕಿಯಾಚೆ ನೋಡಿದಳು. ಮೈದಾನದಲ್ಲಿ ಡ್ರಮ್‌ನವರು ಆಗಲೇ ಶುರುಮಾಡಿದ್ದರು. “ಭಾಷಣಕ್ಕೆ ಮುಂಚೆ ಬಾರಿಸೋದು ನಮ್ಮ ಬ್ಯಾಂಡೇ ಅಲ್ವಾ ಮೇಡಂ?”

“ಹೌದು, ಯಾಕೆ?”

“ಹಾಗಾದ್ರೆ ನಾವು ನಿಲ್ಲಿಸೋ ತನಕ ಟ್ಯಾನರ್ ಬಾಯಿ ತೆಗೆಯೋ ಹಾಗಿಲ್ಲ!”

ಅಮ್ಮನ ಮುಂದಿದ್ದ ಕಾಗದವನ್ನು ಎಳೆದು ಎರಡು ಹೋಳು ಮಾಡಿ, ಹುಡುಗಿ ಓಟ ಕಿತ್ತಳು.

ಡಾರ್ಲೀನ್ ಮನೆಗೆ ಹೋಗಿ ಕಾಲು ಚಾಚಬೇಕಿತ್ತು. ಅದರ ಬದಲು ಮೈದಾನದ ಮೆಟ್ಟಿಲ ಮೇಲೆ ಕೂತು, ಅಂಗಡಿಯಲ್ಲಿ ಮಿಕ್ಕ ಡೋನಟ್ಟಿನ ಪೊಟ್ಟಣ ಬಿಚ್ಚಿದಳು. ಸಾಲಿನ ಕೊನೆಯಲ್ಲಿ ಬ್ರಿನ್ ಕೆನ್ನೆಯುಬ್ಬಿಸಿ ‘ಭೋಂ’ ಎಂದು ಊದಿದಳು, ತಾಳ ಬರುವುದಕ್ಕೂ ಮುಂಚೆ, ಖುಷಿ ತಡೆಯಲಾರದೆ. ಇಡೀ ಬ್ಯಾಂಡ್ ನಕ್ಕಿತು. ಡಾರ್ಲೀನ್ ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದಳೆಂದರೆ, ತಲೆಯ ಸಕ್ಕರೆಯೆಲ್ಲ ಮಡಿಲಿಗೆ ಉದುರಿತು.