ಶಿರಾದ ಮನೆಯಲ್ಲಿ ಕುಡಿಯದ ಟೀ

ನನ್ನ ಮೊಮ್ಮಗಳು ಯಶೋಧರಾ ಶಿರಾದ ಸ್ಕೂಲಿನಲ್ಲಿ ಮೇಡಮ್ಮು. ಜೊತೆಯ ಮೇಷ್ಟ್ರು ಪ್ರಸನ್ನ ಕುಮಾರನೂ ಅವಳೂ ಒಬ್ಬರನ್ನೊಬ್ಬರು ಒಪ್ಪಿಕೊಂಡಿದ್ದರು. ಹುಡುಗನ ಮನೆಯವರು ನಮಗಿಂತ ಮೇಲಿನ ಜಾತಿ. ಅಪ್ಪ ಹೂಂ ಅನ್ನದೆ ಮದುವೆಯಾಗುವುದಿಲ್ಲ ಅಂತ ಹುಡುಗನ ಹಟ. ಅವನ ತಾಯಿ ರಾಧಾಮಣಿ ಬೇಗ ಒಪ್ಪಿದರು. ತಂದೆ ಮರುಳಸಿದ್ದಯ್ಯ ಒಂದು ವರ್ಷ ಎಳೆದು ಅರೆಮನಸ್ಸಿನಿಂದ ಒಪ್ಪಿದರು. ಮಾತುಕತೆಗೆಂದು ಒಂದು ಭಾನುವಾರ ತೋವಿನಕೆರೆಯಿಂದ ನಾನು, ಮಗ ಲಕ್ಷ್ಮೀಪತಿ, ಅವಳು ಹೊರಟೆವು.

"ತಾತ, ಅಲ್ಲಿ ಬೀಡಿ ಹಚ್ಚಿಬುಟ್ಟೀಯ ಮತ್ತೆ!"

"ಬೀಡಿಗೆಲ್ಲಾ ಮದ್ವೆ ನಿಲ್ಲಲ್ಲ ಕಣಮ್ಮ," ಎಂದೆ.

ಅವರ ಮನೆಯಲ್ಲಿ ಪಾಲಿಷ್ ಹೊಡೆದ ತೇಗದ ಮೇಜು. ರಾಧಾಮಣಿ ಟೀ ತಂದವರು, ನನ್ನ ಮುಂದೆ ಅಂಗೈಯಗಲದ ಒಂದು ಬಿಲ್ಲೆ ಇಟ್ಟು, ಅದರ ಮೇಲೆ ಲೋಟ ಇಟ್ಟರು. ನನ್ನ ಪ್ರಾಯದಲ್ಲಿ ಹೋಟೆಲಿನವರು ನಮ್ಮ ಲೋಟ ಬೇರೆ ಮಾಡಿ ಸೂರಿಗೆ ಸಿಕ್ಕಿಸಿರುತ್ತಿದ್ದರು. ಕುಡಿದು, ನಾವೇ ತೊಳೆದು, ಅಲ್ಲೇ ಸಿಕ್ಕಿಸಬೇಕು. ನಾನು ಮುಟ್ಟಿದ ಲೋಟ ಇವರ ಮೇಜಿಗೆ ತಾಗಬಾರದು ಅಂತ ತಾನೇ ಇದು, ಅಂದುಕೊಂಡೆ. ಬೇರೆಯವರ ಕಡೆ ನೋಡಲೇ ಇಲ್ಲ. ಎದ್ದು, ಚಪ್ಪಲಿ ಮೆಟ್ಟಿ ಬೀದಿಗೆ ಬಂದೆ.

"ಅಪ್ಪ, ಟೀ ಬುಟ್ಟು ಎಲ್ಲಿಗೋಯ್ತಿದ್ದೀಯ?" ಲಕ್ಷ್ಮೀಪತಿ ಕೂಗಿದ. ನಾನು ತಿರುಗಲಿಲ್ಲ.

ಹಿಂದೆಯೇ ಬಂದ ಇಬ್ಬರಿಗೂ ಬಸ್ ಸ್ಟ್ಯಾಂಡಿನಲ್ಲಿ ಕಾರಣ ಹೇಳಿದೆ. ಯಶೋಧರಾ ನನ್ನ ಪಕ್ಕ ಬಂದು ಕೂತಳು.

"ತಾತ, ಅದು ಕೋಸ್ಟರ್. ಬಿಸಿಗೆ ಮೇಜು ಕಲೆಯಾಗ್ತದೆ ಅಂತ ಇಡೋದು. ಆಮೇಲೆ ಎಲ್ರಿಗೂ ಇಟ್ರು. ನೀನು ಹಿರೀಕ ಅಂತ ನಿಂಗೆ ಮೊದ್ಲು ಇಟ್ರು, ಅಷ್ಟೆ."

ಮಾರನೆಯ ದಿನ ನಾನೊಬ್ಬನೇ ಹೋದೆ. ಮರುಳಸಿದ್ದಯ್ಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಯಜಮಾನ್ರೇ, ತಿಳೀದೆ ತಪ್ಪು ಮಾಡ್ಬುಟ್ಟೆ," ಅಂತ ಎಲ್ಲಾ ಹೇಳಿದೆ.

"ತಪ್ಪೇನ್ ಬಂತು ಬುಡಿ. ನಮ್ಮನೇಲಿ ಒಂದು ಗುಟುಕು ಕುಡೀದೆ ಎದ್ದೋದ್ರಿ. ಈ ಸಂಬಂಧ ನಿಮ್ಗೇ ಬ್ಯಾಡ ಅಂತ ನಮ್ಮೋರಿಗೆಲ್ಲಾ ಹೇಳಾಯ್ತು."

"ಅವ್ರಿಗೆ ಗೊತ್ತಿರ್ಲಿಲ್ಲ ಕಣ್ರೀ," ಬಾಗಿಲ ಹಿಂದಿನಿಂದ ರಾಧಾಮಣಿ ಅಂದರು.

"ನೀನು ಒಳಗೆ ನಡಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೊತ್ತ ಹೊರೆ ಇಳಿಸಿದವನ ನೆಮ್ಮದಿ ಇತ್ತು. ವರ್ಷದಿಂದ ಅವರು ಹುಡುಕುತ್ತಿದ್ದ ನೆಪವನ್ನು ನಾನೇ ಕೈಯಾರೆ ಕೊಟ್ಟಿದ್ದೆ.

ಸಂಜೆ ಊರಿಗೆ ಬಂದಾಗ ಯಶೋಧರಾ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು.

"ಏನಂದ್ರು ತಾತ?"

ಆಗಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಇನ್ನೊಂದು ನೋಟ್‌ಬುಕ್ ತೆಗೆದು, ಓದದೆಯೇ ಹಾಳೆ ಹಾಳೆಗೂ ಸರಿ ಗುರುತು ಹಾಕುತ್ತಾ ಹೋದಳು.