ತಣ್ಣಗಿದೆ ಎಂದ ಕೈ

ನಾನು ಒಂದು ಓಟದ ಕುದುರೆ. ಈಗ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ. ಬೆನ್ನು ಕುಸಿದಿದೆ. ಎಡ ಮುಂಗಾಲಿನ ಹಿಂಭಾಗ ಬಿಲ್ಲಿನಂತೆ ಉಬ್ಬಿಕೊಂಡಿದೆ. ಹೆಸರಿದ್ದ ಕಡೆ ಒಂದು ಸಂಖ್ಯೆ ಇದೆ. ಆದರೂ ಹೇಳುತ್ತೇನೆ, ಒಂದು ಕಾಲದಲ್ಲಿ ಆರು ಫರ್ಲಾಂಗು ದೂರದಲ್ಲಿ ನನ್ನನ್ನು ಹಿಂದೆ ಹಾಕುವ ಕುದುರೆ ಮೈಸೂರಿನಲ್ಲಿ ಇರಲಿಲ್ಲ.

ನಾನು ಹುಟ್ಟಿದ್ದು ತುಮಕೂರಿನ ಕಡೆಯ ಒಂದು ಕುದುರೆ ಫಾರಂನಲ್ಲಿ, ಮಾಘದ ಚಳಿಯ ಒಂದು ಬೆಳಗಿನ ಜಾವ. ಹುಟ್ಟಿ ಗಂಟೆಯೊಳಗೆ ಎದ್ದು ನಿಂತೆ. ಮೈ ಒಣಗುವ ಮುಂಚೆಯೇ ಇಬ್ಬರು ನನ್ನನ್ನು ಪರೀಕ್ಷಿಸಲು ಬಂದರು. ಒಬ್ಬ ಕನ್ನಡಕದವನು, ಪುಸ್ತಕ ಹಿಡಿದು ಬಣ್ಣ, ಹಣೆಯ ಬಿಳಿ ಗುರುತು, ಮೈಮೇಲಿನ ಸುಳಿಗಳು ಎಲ್ಲವನ್ನೂ ಬರೆದುಕೊಂಡ. ಇನ್ನೊಬ್ಬ ಫಾರಂನ ಮುದುಕ ಆಳು. ಅವನೂ ಸುಳಿಗಳನ್ನೇ ನೋಡಿದ, ಆದರೆ ಬೇರೆ ಕಾರಣಕ್ಕೆ.

"ಸುಳಿ ಚೆನ್ನಾಗವೆ ಸ್ವಾಮಿ. ಕಾಲು ಮಾತ್ರ ತಾಯಿದು," ಎಂದ ಮುದುಕ.

ಕನ್ನಡಕದವನು ಅದನ್ನು ಬರೆದುಕೊಳ್ಳಲಿಲ್ಲ. ಬರೆಯುವುದಕ್ಕೆ ಪುಸ್ತಕದಲ್ಲಿ ಜಾಗವೂ ಇರಲಿಲ್ಲ.

ನಮ್ಮ ಥರೋಬ್ರೆಡ್ ಜಾತಿಯಲ್ಲಿ ವಂಶಾವಳಿಯೇ ಆಸ್ತಿ. ನಮ್ಮ ತಾತನ ಅಪ್ಪ ಐರ್ಲೆಂಡಿನಿಂದ ಹಡಗಿನಲ್ಲಿ ಬಂದವನು. ನಮ್ಮಪ್ಪ ಬೆಲ್ ಟವರ್ ಹದಿನಾಲ್ಕು ಓಟ ಗೆದ್ದವನು, ಎಲ್ಲವೂ ಗಿಡ್ಡ ಓಟಗಳು. ಉದ್ದದ ಓಟಕ್ಕೆ ಅವನಿಗೆ ತಾಳ್ಮೆ ಇರಲಿಲ್ಲವಂತೆ. ನಮ್ಮಮ್ಮ ಕಾಪರ್ ಮೂನ್ ಗಾಳಿಯಂಥ ವೇಗದವಳು, ಆದರೆ ಮೂರನೇ ಓಟಕ್ಕೆ ಕಾಲಿನ ನರ ಕಿತ್ತು ಫಾರಂ ಸೇರಿದಳು. ಅಜ್ಜಿಯ ಕಥೆಯೂ ಅದೇ. ಇಬ್ಬರ ಹೆಸರನ್ನೂ ಸೇರಿಸಿ ನನಗೆ ಕಾಪರ್ ಬೆಲ್ ಎಂದು ಹೆಸರಿಟ್ಟರು. ಅಪ್ಪನಿಂದ ವೇಗ, ಅಮ್ಮನಿಂದ ಕಾಲು. ಕೊಂಡವರು ವೇಗವನ್ನು ನೋಡಿ ಕೊಂಡರು.

ನನ್ನನ್ನು ಕೊಂಡವರು ಮೈಸೂರಿನ ಊದುಬತ್ತಿ ಕಾರ್ಖಾನೆಯ ವಿಶ್ವಾರಾಧ್ಯರು. ನಾವು ಕುದುರೆಗಳು ಮನುಷ್ಯರನ್ನು ಮುಖಕ್ಕಿಂತ ವಾಸನೆಯಿಂದ ಗುರುತು ಹಿಡಿಯುತ್ತೇವೆ. ಆರಾಧ್ಯರು ಲಾಯಕ್ಕೆ ಬಂದರೆ ಗರ್ಭಗುಡಿಯೇ ನಡೆದು ಬಂದ ಹಾಗೆ ಗಮ್ಮೆನ್ನುತ್ತಿತ್ತು. ಕೆಟ್ಟ ಮನುಷ್ಯರಲ್ಲ. ಆದರೆ ಅವರ ಕೈ ನನ್ನ ಮೂತಿಯಿಂದ ಕೆಳಗೆ ಎಂದೂ ಇಳಿದಿದ್ದಿಲ್ಲ. ನನ್ನನ್ನು ತಯಾರು ಮಾಡಿದವರು ಕೊಡಗಿನ ಟ್ರೇನರ್ ಮಾಚಯ್ಯನವರು. ಅವರ ಮೈಗೆ ಚರ್ಮದ ಎಣ್ಣೆಯ ವಾಸನೆ. ಮಾತು ಕಡಿಮೆ.

ಚಿಕ್ಕಂದಿನಲ್ಲಿ ನಾನು ಪುಂಡ. ಸವಾರರನ್ನು ಕೆಡವಿದೆ, ಒಬ್ಬನ ಭುಜ ಕಚ್ಚಿದೆ. ಮೂರು ವರ್ಷವಾದಾಗ ಬೀಜ ತೆಗೆಸಿದರು. ಮೈ ತಣ್ಣಗಾಯಿತು, ಓಟಕ್ಕೆ ಗಮನ ಬಂತು. ಐರ್ಲೆಂಡಿನಿಂದ ಹಡಗೇರಿ ಬಂದ ವಂಶ ಅಂದಿಗೆ ನನ್ನ ಪಾಲಿಗೆ ಮುಗಿಯಿತು. ಗೆಲ್ಲುತ್ತಿರುವ ತನಕ ಇದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ನನ್ನನ್ನು ನೋಡಿಕೊಳ್ಳುತ್ತಿದ್ದ ಸೈಸನ ಹೆಸರು ರಂಗಶೆಟ್ಟಿ. ಚಾಮರಾಜನಗರದ ಕಡೆಯವನು, ಐವತ್ತು ದಾಟಿದವನು. ನನ್ನ ಇಂಗ್ಲಿಷ್ ಹೆಸರು ಅವನ ನಾಲಿಗೆಗೆ ಒಗ್ಗಲಿಲ್ಲ. ನನ್ನ ಮೈಬಣ್ಣ ನೋಡಿ "ತಾಮ್ರಪ್ಪ" ಎಂದು ಕರೆದ. ಜೇಬಿನಲ್ಲಿ ಸದಾ ಒಂದು ಅಚ್ಚು ಬೆಲ್ಲ. ಅರ್ಧ ತಾನು ಕಚ್ಚಿ ಉಳಿದರ್ಧ ನನಗೆ ಕೊಡುತ್ತಿದ್ದ.

ಅವನ ಕೈಯ ವಿಷಯ ಹೇಳಲೇಬೇಕು, ಏಕೆಂದರೆ ನನ್ನ ಕಥೆಯೆಲ್ಲ ಆ ಕೈಯಲ್ಲಿದೆ.

ಓಟದ ಕುದುರೆಯ ಪ್ರಾಣ ಇರುವುದು ಮುಂಗಾಲಿನಲ್ಲಿ, ಮಂಡಿಯಿಂದ ಕೆಳಗೆ ಹಿಂಭಾಗದಲ್ಲಿ ಇಳಿಯುವ ನರದಲ್ಲಿ. ಅದು ಕೆಡುವ ಮುಂಚೆ ಕುದುರೆ ಕುಂಟುವುದಿಲ್ಲ. ಒಂದೆರಡು ದಿನ ಆ ಜಾಗ ತುಸು ಬಿಸಿಯಾಗುತ್ತದೆ, ಅಷ್ಟೆ. ಆ ಬಿಸಿಯನ್ನು ಹಿಡಿಯುವುದೇ ಸೈಸನ ವಿದ್ಯೆ. ದಿನಾ ಬೆಳಿಗ್ಗೆ, ಮೈ ತಿಕ್ಕುವ ಮುಂಚೆ, ಬಿಸಿಲು ಬೀಳುವ ಮುಂಚೆ, ರಂಗ ಕುಕ್ಕರಗಾಲಿನಲ್ಲಿ ಕೂತು ಎರಡೂ ಕಾಲುಗಳ ಮೇಲಿಂದ ಕೆಳಗೆ ಅಂಗೈ ಇಳಿಸುತ್ತಿದ್ದ. ಅವನು ಕೂತ ಕೂಡಲೇ ನಾನು ಎಡಗಾಲನ್ನು ಒಂದು ಗೇಣು ಮುಂದಿಡುತ್ತಿದ್ದೆ. ಅದು ನಮ್ಮಿಬ್ಬರ ರೂಢಿ. ಮಾಚಯ್ಯನವರು ಬಾಗಿಲಲ್ಲಿ ನಿಂತು ದಿನವೂ ಒಂದೇ ಮಾತು ಕೇಳುತ್ತಿದ್ದರು.

"ಹೇಗಿದೆ ರಂಗ?"

"ತಣ್ಗದೆ ಸಾರ್."

ಆಮೇಲೆಯೇ ನನ್ನ ಬೆನ್ನಿಗೆ ಜೀನು.

ನನಗೆ ನಾಲ್ಕು ವರ್ಷವಿದ್ದಾಗ ಒಂದು ಬೆಳಿಗ್ಗೆ ರಂಗ "ಬಿಸಿ ಅದೆ ಸಾರ್" ಎಂದ. ಮೂರನೇ ದಿನಕ್ಕೆ ಓಟವಿತ್ತು. ಡಾಕ್ಟರು ಯಂತ್ರ ತಂದು ನೋಡಿ ಏನೂ ಇಲ್ಲ ಎಂದರು. ಆರಾಧ್ಯರು ರೇಗಿದರು. "ಡಾಕ್ಟರ ಮಾತಿಗಿಂತ ಸೈಸನ ಮಾತು ದೊಡ್ಡದಾ?"

"ಈ ಕುದುರೆ ಮಟ್ಟಿಗೆ ದೊಡ್ಡದು," ಎಂದು ಮಾಚಯ್ಯನವರು ನನ್ನ ಹೆಸರನ್ನು ಓಟದಿಂದ ತೆಗೆದರು.

ಓಟದ ದಿನ ನನ್ನ ಕಾಲಿನ ಆ ನರ ಸೌತೆಕಾಯಿಯಷ್ಟು ಊದಿಕೊಂಡಿತು. ಓಡಿದ್ದರೆ ಅಂದೇ ಮುಗಿಯುತ್ತಿತ್ತು. ಮೂರು ತಿಂಗಳು ಆರೈಕೆಯಾಗಿ ಮತ್ತೆ ಓಡಿದೆ. ಅಂದಿನಿಂದ ಆ ಲಾಯದಲ್ಲಿ ರಂಗನ ಕೈಯೇ ಕಾನೂನು. ಯಂತ್ರ ತರಿಸುವುದನ್ನೇ ನಿಲ್ಲಿಸಿದರು. ಒಂದು ಕೈಯನ್ನು ಅಷ್ಟು ನಂಬಿದವರು ಆ ಕೈಗೂ ವಯಸ್ಸಾಗುತ್ತದೆ ಎನ್ನುವುದನ್ನು ಮರೆತರು.

ಆ ಎರಡು ವರ್ಷ ನನ್ನವು. ಗೇಟು ತೆರೆಯುವ ಮುಂಚಿನ ಒಂದು ಉಸಿರು, ಆಮೇಲೆ ಎದುರಿಗೆ ಹಸಿರು, ಪಕ್ಕದಲ್ಲಿ ಬೆಟ್ಟ, ಹಿಂದೆ ಗೊರಸುಗಳ ಸದ್ದು. ಆ ಸದ್ದು ಹಿಂದೆಯೇ ಉಳಿಯುತ್ತಿತ್ತು. ಹದಿನೇಳು ಓಟದಲ್ಲಿ ಹನ್ನೊಂದು ಗೆದ್ದೆ. ಜಾಕಿ ಇರ್ಫಾನ್ ಚಾವಟಿ ಎತ್ತಿದ್ದು ಎರಡೇ ಸಲ. ಗೆದ್ದು ಬಂದಾಗ ಹಾರ ಹಾಕುವವರು ಬಹಳ ಮಂದಿ. ರಂಗ ಮಾತ್ರ ಹಾರದ ಕಡೆ ನೋಡುತ್ತಿರಲಿಲ್ಲ, ನೇರವಾಗಿ ಕಾಲಿನ ಬಳಿ ಕೂರುತ್ತಿದ್ದ.

ಆರನೇ ವರ್ಷದ ಬೇಸಿಗೆಯಲ್ಲಿ ಒಂದು ದಿನ ನಾನು ತಿರುಗುವಾಗ ಅವನ ಪಾದ ತುಳಿದೆ. ನನ್ನ ತೂಕ ನಾಲ್ಕೂವರೆ ಕ್ವಿಂಟಾಲು. ಅವನು ಕೂಗಬೇಕಿತ್ತು. ಬೀಡಿ ಸೇದುತ್ತ ನನ್ನ ಬಾಲ ಬಾಚುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಹುಲ್ಲಿನ ಮೇಲೆ ರಕ್ತ ನೋಡಿ, "ಯಾರ್ದಪ್ಪ ಇದು?" ಎಂದ.

ಬೆಲ್ಲದ ಅಚ್ಚು ಈಗ ಪೂರ್ತಿ ನನಗೇ ಬರತೊಡಗಿತು. ಅವನು ಕಚ್ಚುವುದನ್ನು ಬಿಟ್ಟಿದ್ದ. ಸಕ್ಕರೆ ಕಾಯಿಲೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಕೆಲವು ತಿಂಗಳಲ್ಲಿ ಆ ಜೋಮು ಕಾಲಿನಿಂದ ಕೈಗೂ ಬಂತು. ಕುದಿಯುವ ಹುರುಳಿಯ ಬಕೆಟ್ಟಿನಲ್ಲಿ ಬೆರಳು ಅದ್ದಿ, "ಇನ್ನೂ ಕಾದಿಲ್ಲ" ಎಂದು ನಿಂತಿದ್ದ. ಬೆರಳುಗಳಲ್ಲಿ ಬೊಬ್ಬೆ ಎದ್ದವು. ಅಂದು ನನ್ನ ಕೊರಳಿಗೆ ಒರಗಿ ಹೇಳಿದ:

"ಕೈ ಸತ್ತೋಗ್ತಾ ಅದೆ ಕಣ್ಲಾ ತಾಮ್ರಪ್ಪ. ಕೈ ಇಲ್ದ ಸೈಸಂಗೆ ಇಲ್ಲೇನ್ ಕೆಲ್ಸ? ಕಣ್ಣು ಮಂಜಾಯ್ತು ಅಂತ ಸೈಸ ಕರಿಯಣ್ಣನ್ನ ಒಂದೇ ವಾರದಲ್ಲಿ ಮನೆಗೆ ಕಳಿಸ್ಲಿಲ್ವಾ? ನೀನು ಯಾರ್ಗೂ ಹೇಳ್ಬೇಡ."

ಹೇಳಿಕೊಳ್ಳಲು ಅವನು ಸರಿಯಾದವನನ್ನೇ ಆರಿಸಿಕೊಂಡಿದ್ದ.

ಆದರೆ ರಂಗ ಮೋಸಗಾರನಲ್ಲ. ಬೇರೆ ದಾರಿ ಕಂಡುಕೊಂಡ. ಮಾಚಯ್ಯನವರು ಬರುವ ಮುಂಚೆ, ಯಾರೂ ಇಲ್ಲದಾಗ, ನೆಲಕ್ಕೆ ಮಂಡಿಯೂರಿ ತನ್ನ ಕೆನ್ನೆಯನ್ನು ನನ್ನ ಕಾಲಿಗೆ ಒತ್ತುತ್ತಿದ್ದ. ಕೆನ್ನೆ ಇನ್ನೂ ಸತ್ತಿರಲಿಲ್ಲ. ಕುರುಚಲು ಗಡ್ಡ ನನಗೆ ಕಚಗುಳಿ ಇಡುತ್ತಿತ್ತು. ಆಮೇಲೆ ಟ್ರೇನರ್ ಬಂದಾಗ ಕೈ ಆಡಿಸಿದಂತೆ ಮಾಡಿ ಕೆನ್ನೆ ಹೇಳಿದ್ದನ್ನು ಹೇಳುತ್ತಿದ್ದ. ಹೀಗೆ ಐದು ತಿಂಗಳು ನಡೆಯಿತು. ಒಂದು ಸಲವೂ ತಪ್ಪಲಿಲ್ಲ.

ಆ ವರ್ಷದ ದೊಡ್ಡ ಸ್ಪ್ರಿಂಟ್ ಕಪ್ ಓಟದ ದಿನ ಬಂತು. ಬೆಳಿಗ್ಗೆ ಎಚ್ಚರವಾದಾಗಲೇ ಎಡಗಾಲಿನಲ್ಲಿ ಬಿಸಿ ಇತ್ತು. ನೋವಲ್ಲ, ಒಲೆಯ ಪಕ್ಕ ಕಾಲಿಟ್ಟು ಮಲಗಿದ ಹಾಗೆ. ನಾನು ಹೆದರಲಿಲ್ಲ. ರಂಗ ಬರುತ್ತಾನೆ, ಕೆನ್ನೆ ಇಡುತ್ತಾನೆ, ತಿಳಿಯುತ್ತದೆ ಎಂದುಕೊಂಡೆ.

ಅಂದು ರಂಗನಿಗಿಂತ ಮುಂಚೆ ಆರಾಧ್ಯರ ಮನೆಯವರೆಲ್ಲ ಬಂದುಬಿಟ್ಟರು. ಬೆಟ್ಟದಿಂದ ಕುಂಕುಮ ತಂದಿದ್ದರು. ನನ್ನ ಹಣೆಗೆ ಹಚ್ಚಿ, ಬಾಗಿಲಿಗೆ ನಿಂಬೆಹಣ್ಣು ಕಟ್ಟಿ, ಆರತಿ ಎತ್ತಿದರು. ಲಾಯದ ತುಂಬ ರೇಷ್ಮೆ ಸೀರೆಯ ಸರಸರ. ಮಾಚಯ್ಯನವರೂ ಅವರ ನಡುವೆಯೇ ಇದ್ದರು.

"ಹೇಗಿದೆ ರಂಗ?"

ರಂಗ ಕೂತ. ನಾನು ಎಡಗಾಲು ಮುಂದಿಟ್ಟೆ. ಅವನು ಕೈ ಇಳಿಸಿದ, ನಿಲ್ಲಿಸಿದ, ಮತ್ತೆ ಇಳಿಸಿದ. ಅವನಿಗೆ ಏನೂ ತಿಳಿಯುತ್ತಿಲ್ಲವೆಂದು ನನಗೆ ತಿಳಿಯಿತು. ನಿಧಾನವಾಗಿ ಮಂಡಿಯೂರಿ ಮುಖವನ್ನು ಕಾಲಿನ ಹತ್ತಿರ ತಂದ. ಅವನ ಉಸಿರು ನನ್ನ ನರಕ್ಕೆ ತಗುಲಿತು. ಇನ್ನು ನಾಲ್ಕು ಬೆರಳು ದೂರ.

ಆಗ ಆರಾಧ್ಯರ ಬಾಮೈದ ನಕ್ಕುಬಿಟ್ಟ. "ಏನ್ ರಂಗಣ್ಣ, ಕುದುರೆಗೆ ಮುತ್ತು ಕೊಡ್ತಿದ್ದೀಯಾ? ಹೆಂಡ್ತಿಗೆ ಗೊತ್ತಾದೀತು!"

ಎಲ್ಲರೂ ನಕ್ಕರು. ಮಾಚಯ್ಯನವರೂ ಮುಗುಳ್ನಕ್ಕರು. ರಂಗ ತಟ್ಟನೆ ಮುಖ ಎತ್ತಿದ. ಕಿವಿಯವರೆಗೂ ಕೆಂಪಾಗಿದ್ದ. ಬೊಬ್ಬೆಯ ಕಲೆಯಿದ್ದ ಬೆರಳುಗಳನ್ನು ಮಡಿಸಿ ಇನ್ನೊಮ್ಮೆ ಕಾಲಿನ ಮೇಲೆ ಎಳೆದ.

"ತಣ್ಗದೆ ಸಾರ್."

ನಾನು ಕಾಲನ್ನು ನೆಲಕ್ಕೆ ಬಡಿದೆ. ಮತ್ತೆ ಅವನ ಮುಂದೆ ಚಾಚಿದೆ, ಮತ್ತೆ ಬಡಿದೆ. "ನೋಡಿ, ಓಡಕ್ಕೆ ಹೇಗೆ ಕುಣೀತಾ ಇದೆ!" ಎಂದರು ಆರಾಧ್ಯರು. ರಂಗ ನನ್ನ ಕಡೆ ಒಂದು ಕ್ಷಣ ನೋಡಿದ. ಆ ನೋಟದಲ್ಲಿ ಅನುಮಾನವಿತ್ತು. ಆದರೆ ಆಡಿದ ಮಾತು ಅಷ್ಟು ಜನರ ಕಿವಿಗೆ ಬಿದ್ದಾಗಿತ್ತು. ಮಧ್ಯಾಹ್ನ ಡಾಕ್ಟರು ನಡೆಸಿ ನೋಡಿದರು. ನಾನು ಕುಂಟಲಿಲ್ಲ. ಕುಂಟಲು ಬಂದಿದ್ದರೆ ಚೆನ್ನಾಗಿತ್ತು.

ಗೇಟು ತೆರೆಯಿತು. ಓಡಬಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡಿದೆ. ಮುನ್ನೂರು ವರ್ಷದಿಂದ ಓಡುವವರನ್ನೇ ಆರಿಸಿ ಆರಿಸಿ ಮಾಡಿದ ಮೈ ಇದು. ನಿಲ್ಲುವುದನ್ನು ಇದಕ್ಕೆ ಯಾರೂ ಕಲಿಸಿಲ್ಲ. ತಿರುವು ದಾಟಿ ನೇರ ದಾರಿಗೆ ಬಂದಾಗ ಎಲ್ಲರಿಗಿಂತ ಮುಂದಿದ್ದೆ. ಗೆಲುವಿನ ಕಂಬಕ್ಕೆ ಒಂದು ಫರ್ಲಾಂಗು ಇರುವಾಗ ಕಾಲಿನೊಳಗೆ ಒದ್ದೆ ಹಗ್ಗ ಕಿತ್ತಂತೆ ಸದ್ದಾಯಿತು. ಇರ್ಫಾನ್‌ಗೂ ಕೇಳಿಸಿರಬೇಕು. ಎದ್ದು ನಿಂತು ಲಗಾಮು ಎಳೆದ. ಏಳು ಕುದುರೆಗಳು ನನ್ನನ್ನು ದಾಟಿ ಹೋದವು. ಇರ್ಫಾನ್ ಕೆಳಗೆ ಹಾರಿ ನನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. "ಬೇಟಾ, ಬೇಟಾ" ಎನ್ನುತ್ತಿದ್ದ.

ರಂಗ ಬೇಲಿ ನುಸುಳಿ ಓಡಿ ಬಂದ. ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು, ಅದೂ ಅವನಿಗೆ ಗೊತ್ತಿರಲಿಲ್ಲ. ಸಾವಿರಾರು ಜನರ ಎದುರು ಮಂಡಿಯೂರಿ ನನ್ನ ಕಾಲಿಗೆ ಕೆನ್ನೆ ಒತ್ತಿದ. ಈಗ ಯಾರೂ ನಗಲಿಲ್ಲ. ಸುಟ್ಟುಕೊಂಡವನಂತೆ ಮುಖ ಹಿಂದೆ ತೆಗೆದ.

ಹಿಂದೆ ಮಾಚಯ್ಯನವರು ನಿಂತಿದ್ದರು. ಅವನ ಕೆನ್ನೆ ನೋಡಿದರು, ಬೆರಳು ನೋಡಿದರು. ತಿಳಿಯುವವರಿಗೆ ಅಷ್ಟು ಸಾಕು.

"ಯಾವಾಗಿಂದ ರಂಗ?"

"ಹೋದ್ ಬೇಸಿಗೆಯಿಂದ ಸಾರ್."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಇವ್ನ ಕಾಲನ್ನ ಇನ್ಯಾರ್ ಕೈಗೋ ಕೊಡ್ತಿದ್ರಿ ಸಾರ್."

ಮಾಚಯ್ಯನವರು ಟೋಪಿ ತೆಗೆದರು. ಬೈಯಲಿಲ್ಲ. ಬೈದಿದ್ದರೆ ರಂಗ ತಡೆದುಕೊಳ್ಳುತ್ತಿದ್ದ. ಮರುದಿನದಿಂದ ಅವನಿಗೆ ಹುಲ್ಲು ಹಾಕುವ ಕೆಲಸ ಕೊಟ್ಟರು. ಯಾವ ಕುದುರೆಯ ಕಾಲನ್ನೂ ಮುಟ್ಟಗೊಡಲಿಲ್ಲ. ಒಂದು ವಾರ ಹುಲ್ಲು ಹೊತ್ತ. ಎಂಟನೇ ದಿನ ಬರಲಿಲ್ಲ.

ಗಂಡು ಕುದುರೆ ಓಡಲಾರದೆ ಹೋದರೆ ಫಾರಂಗೆ ಹೋಗಿ ಮರಿಗಳಿಗೆ ಅಪ್ಪನಾಗುತ್ತದೆ. ನನ್ನ ಮಟ್ಟಿಗೆ ಆ ಬಾಗಿಲು ಮೂರನೇ ವರ್ಷದಲ್ಲೇ ಮುಚ್ಚಿತ್ತು. ಆರಾಧ್ಯರು ನಾಲ್ಕು ತಿಂಗಳು ಸಾಕಿದರು. ಆಮೇಲೆ ಸವಾರಿ ಕಲಿಸುವ ಶಾಲೆಯೊಂದಕ್ಕೆ ಕೊಟ್ಟರು. ಕುಂಟುವ ಕುದುರೆಯ ಮೇಲೆ ಮಕ್ಕಳು ಏನು ಕಲಿತಾರು? ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಇಲ್ಲಿಗೆ.

ಇಲ್ಲಿ ಹಾವಿನ ವಿಷಕ್ಕೆ ಮದ್ದು ಮಾಡುತ್ತಾರೆ. ನಮ್ಮ ಮೈಗೆ ಇಷ್ಟಿಷ್ಟೇ ವಿಷ ಚುಚ್ಚಿ, ಮೈ ಅದರೊಂದಿಗೆ ಹೋರಾಡುವುದನ್ನು ಕಲಿತ ಮೇಲೆ ರಕ್ತ ತೆಗೆಯುತ್ತಾರೆ. ಹೊಲದಲ್ಲಿ ಹಾವು ಕಚ್ಚಿದವರು ಅದರಿಂದ ಬದುಕುತ್ತಾರಂತೆ. ಬದುಕಲಿ. ಒಳ್ಳೆಯ ಕೆಲಸವೆಂದು ನನ್ನ ಬುದ್ಧಿಗೂ ತಿಳಿಯುತ್ತದೆ. ಹೊಟ್ಟೆಗೆ ಹಾಕುತ್ತಾರೆ, ಹೊಡೆಯುವುದಿಲ್ಲ. ಆದರೆ ನನ್ನ ಅಪ್ಪ ಯಾರೆಂದು ಇಲ್ಲಿ ಯಾರೂ ಕೇಳಿಲ್ಲ. ಪಕ್ಕದಲ್ಲಿ ಮದುವೆ ಮೆರವಣಿಗೆಯ ಒಂದು ಮುದಿ ಹೆಣ್ಣು ಕುದುರೆ ಇದೆ. ಅದರದೂ ನನ್ನದೂ ಒಂದೇ ಬಣ್ಣದ ರಕ್ತ, ಒಂದೇ ಅಳತೆಯ ಚೀಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ರಂಗ ಬಂದ. ನನ್ನನ್ನು ಸಾಗಿಸಿದ ಲಾರಿಯ ಡ್ರೈವರು ಊರು ಹೇಳಿದ್ದನಂತೆ. ಕೈಯಲ್ಲಿ ಕೋಲು. ಬಲಪಾದದಲ್ಲಿ ಎರಡೇ ಬೆರಳು ಉಳಿದಿದ್ದವು. ಕಾವಲುಗಾರ ಹತ್ತು ನಿಮಿಷ ಕೊಟ್ಟ.

"ಏನ್ಲಾ ತಾಮ್ರಪ್ಪ, ಮುದ್ಕ ಆಗ್ಬುಟ್ಟಿದ್ದೀಯ," ಎಂದು ಬೆಲ್ಲದ ಅಚ್ಚು ಚಾಚಿದ. ಅದು ಅವನ ಬೆರಳಿನಿಂದ ಜಾರಿ ಬಿತ್ತು. ಬಿದ್ದದ್ದು ಅವನಿಗೆ ತಿಳಿಯಲಿಲ್ಲ, ಬರಿಗೈಯನ್ನೇ ನನ್ನ ಬಾಯಿಗೆ ಹಿಡಿದಿದ್ದ. ನಾನು ಆ ಕೈಯನ್ನೇ ನೆಕ್ಕಿದೆ.

ಆಮೇಲೆ ಕೋಲು ಹಿಡಿದು ಬಹಳ ಕಷ್ಟಪಟ್ಟು ಮಂಡಿಯೂರಿದ. ನಾನು ಎಡಗಾಲು ಮುಂದಿಟ್ಟೆ. ಕೆನ್ನೆ ಒತ್ತಿದ. ತುಂಬ ಹೊತ್ತು ಹಾಗೆಯೇ ಇದ್ದ.

"ಈಗ ತಣ್ಗದೆ," ಎಂದ. ಕೇಳುವ ಟ್ರೇನರ್ ಅಲ್ಲಿ ಯಾರೂ ಇರಲಿಲ್ಲ.

ಅಂದು ನೀನು ಹೇಳಿದ್ದು ಸುಳ್ಳಲ್ಲ ರಂಗ, ನಾಚಿಕೆ ಅಷ್ಟೆ ಎಂದು ಹೇಳಬೇಕೆನಿಸಿತು. ಮನುಷ್ಯರು ಎಷ್ಟೋ ಸಲ ಕೆಡುವುದು ಕೇಡಿನಿಂದಲ್ಲ, ನಾಲ್ಕು ಜನ ನಕ್ಕಾರೆಂಬ ನಾಚಿಕೆಯಿಂದ. ಆದರೆ ಗೊರಸಿಗೆ ನಾಲಿಗೆಯಿಲ್ಲ. ಅಂದೂ ಕಾಲು ಬಡಿಯುವುದೇ ನನ್ನ ಮಾತಾಗಿತ್ತು. ಕಾವಲುಗಾರ ಬಂದು ಅವನನ್ನು ಎಬ್ಬಿಸಿದ. ಆಮೇಲೆ ರಂಗ ಬರಲಿಲ್ಲ. ಬರಲಾರದ ಕಡೆಗೆ ಹೋಗಿರಬೇಕು.

ಇಲ್ಲಿ ದಿನಾ ಬೆಳಿಗ್ಗೆ ಬಿಳಿ ಕೋಟಿನವನೊಬ್ಬ ಬಂದು ಥರ್ಮಾಮೀಟರ್ ಇಟ್ಟು ನನ್ನ ಮೈಬಿಸಿ ಬರೆದುಕೊಳ್ಳುತ್ತಾನೆ. ಅವನ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ನಾನು ಎಡಗಾಲನ್ನು ಒಂದು ಗೇಣು ಮುಂದಿಟ್ಟು ನಿಲ್ಲುತ್ತೇನೆ. ಕುಂಟು ಕಾಲು, ನೋಯುತ್ತಿರಬೇಕೆಂದು ಅವನು ಅದನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತಾನೆ.