ಪಟ್ಟಿಗೆ ಸೇರದ ಪ್ರೈಮಸ್

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕ್ಯಾಪ್ಟನ್ ಟ್ರಿಪ್ ಪ್ರಜಾಪಡೆಗೆ ಊರ ಗಂಡಸರ ಹೆಸರು ಬರೆದುಕೊಳ್ಳುವ ಪಟ್ಟಿ ಹಿಡಿದು ನಮ್ಮ ಬೀದಿಗೆ ಬರುತ್ತಿದ್ದ. ವರ್ಷವೆಲ್ಲ ಮೇಣದಬತ್ತಿ ಮಾರುವವನು, ಆಗ ಮಾತ್ರ ಕ್ಯಾಪ್ಟನ್. ಅವನನ್ನು ಕಂಡೊಡನೆ ಬಿಳಿಯರ ಮನೆಗಳಲ್ಲಿ ಕಾಯಿಲೆ ಶುರುವಾಗುತ್ತಿತ್ತು. ನಿನ್ನೆ ಕುಣಿದವನಿಗೆ ಇವತ್ತು ಕಾಲು ಕುಂಟು. ಬ್ರೆಡ್ ಅಂಗಡಿಯವನ ಮಗ, ಬಂದೂಕಿನ ತೋಟಾದ ಕಾಗದ ಕಚ್ಚಿ ಹರಿಯಲು ತನಗೆ ಹಲ್ಲೇ ಇಲ್ಲವೆಂದು ವೈದ್ಯರ ಚೀಟಿ ತೋರಿಸಿದ. ಆಗ ಅವನ ಬಾಯಲ್ಲಿ ಸೇಬಿನ ಹೋಳಿತ್ತು.

ನಮ್ಮ ಮನೆ ಬಂದಾಗ ಮಾತ್ರ ಟ್ರಿಪ್ ಹೆಜ್ಜೆ ಚುರುಕು ಮಾಡುತ್ತಿದ್ದ. ನಾವು ಕರಿಯರು, ಆದರೂ ನನ್ನ ಗಂಡ ಪ್ರೈಮಸ್ ಬಾಗಿಲಲ್ಲೇ ಕಾಯುತ್ತಿದ್ದನಲ್ಲ, ಅದಕ್ಕೆ. ಪ್ರತಿಯೊಬ್ಬನೂ ಸ್ವಂತವಾಗಿ ತರಬೇಕೆಂದು ಕಾನೂನು ಹೇಳಿದ ಸಾಮಾನೆಲ್ಲ ಅವನ ಮೈಮೇಲಿರುತ್ತಿತ್ತು: ಬಂದೂಕು, ಎರಡು ಚಕಮಕಿ ಕಲ್ಲು, ಬೆನ್ನಚೀಲ, ಇಪ್ಪತ್ತನಾಲ್ಕು ತೋಟಾ ಹಿಡಿಯುವ ಸಂಚಿ. ಬಂದರಿನಲ್ಲಿ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ದುಡಿಯುವವನಿಗೆ ಇಷ್ಟನ್ನು ಕೂಡಿಸಲು ಒಂಬತ್ತು ವರ್ಷ ಹಿಡಿದಿತ್ತು. ಗಂಡನಿಗಿಂತ ಆ ಬಂದೂಕಿಗೇ ಹೆಚ್ಚು ಎಣ್ಣೆ ಸವರಿದ್ದೇನೆ ನಾನು.

ನಾನು ಹೇಳುತ್ತಿರುವ ವರ್ಷ ಅವನಿಗೆ ನಲವತ್ತನಾಲ್ಕು. ಆಗಸ್ಟ್ ಬಂದರೆ ನಲವತ್ತೈದು, ಪಡೆ ಸೇರುವ ವಯಸ್ಸು ಅಲ್ಲಿಗೆ ಮುಗಿಯಿತು, ಆಮೇಲೆ ಕರಿಯರನ್ನು ಸೇರಿಸುವಂತೆ ಕಾನೂನು ಬದಲಾದರೂ ಅವನಿಗಲ್ಲ. ಅಷ್ಟರೊಳಗೆ ಒಂದು ಸಲವಾದರೂ ಊರ ಮೈದಾನದಲ್ಲಿ ಈ ದೇಶದ ಪ್ರಜೆಯಾಗಿ ಬಂದೂಕು ಹೊತ್ತು ನಿಲ್ಲಬೇಕೆಂದು ಹಂಬಲ. ಅವನಪ್ಪ ಈ ದೇಶದ ಸ್ವಾತಂತ್ರ್ಯಕ್ಕಾಗಿ ಬಿಳಿಯರ ಜೊತೆ ನಿಂತು, ಕಡಲಾಚೆಯ ಇಂಗ್ಲಿಷ್ ದೊರೆಯ ವಿರುದ್ಧ ಕಾದಾಡಿ ಎರಡು ಬೆರಳು ಕಳೆದುಕೊಂಡಿದ್ದ. ಆಗ ಯಾರೂ ಬಣ್ಣ ಕೇಳಿರಲಿಲ್ಲ.

ಆ ಸಲ ಪ್ರೈಮಸ್ ದಾರಿಗೆ ಅಡ್ಡ ನಿಂತ. ಟ್ರಿಪ್ ಕಾನೂನಿನ ಪುಸ್ತಕವನ್ನೇ ತೆರೆದು ಓದಿದ.

"ನನ್ ಕೈಲೇನೂ ಇಲ್ಲಪ್ಪ. ಹದಿನೆಂಟರಿಂದ ನಲವತ್ತೈದರೊಳಗಿನ, ಮೈಯಲ್ಲಿ ಶಕ್ತಿಯಿರೋ, ಸ್ವತಂತ್ರ, ಬಿಳೀ ಗಂಡು ಪ್ರಜೆ ಅಂತಿದೆ."

"ಒಂದು ಮಾತು ಬಿಟ್ರೆ ಮಿಕ್ಕಿದ್ದೆಲ್ಲ ನಾನೇ ಅಲ್ವಾ?"

"ಆ ಒಂದು ಮಾತೇ ಕಾನೂನು. ಪಟ್ಟೀಲಿ ಇಲ್ದೋನು ಪಡೆಯೋನಲ್ಲ."

ನಾನು ಟ್ರಿಪ್‌ನನ್ನು ಬೈಯಲು ಬಾಯಿ ತೆರೆದೆ. ಪ್ರೈಮಸ್ ಮಾತ್ರ ಆ ಪುಟವನ್ನು ಇನ್ನೊಮ್ಮೆ ಓದಿಸಿ ಕೇಳಿಕೊಂಡ.

ಮರುದಿನವೇ ಅವನು ನಮ್ಮ ಜನರನ್ನು ಕರೆದ. ನಾರು ತುರುಕುವವರು, ತಿಮಿಂಗಿಲ ಬೇಟೆಯವರು, ಕ್ಷೌರಿಕ, ಅವನೂ ಸೇರಿ ಮೂವತ್ತೊಂದು ಮಂದಿ. ಹಾಯಿಪಟ ಹೊಲಿಯುವ ಅಟ್ಟದ ಮೇಲೆ ಮೂರು ವಾರ ಕವಾಯತು ನಡೆಯಿತು. ಬಂದೂಕಿಲ್ಲದವರು ಸಾಲ ಮಾಡಿ, ಎರವಲು ತಂದು ಹೊಂದಿಸಿಕೊಂಡರು. ನಾವು ಹೆಂಗಸರು ಬೆರಳು ಚುಚ್ಚಿಕೊಂಡು ನೀಲಿ ಕೋಟು ಹೊಲಿದೆವು.

ಮೇ ತಿಂಗಳಲ್ಲಿ ಪಡೆಯವರೆಲ್ಲ ಊರ ಮೈದಾನದಲ್ಲಿ ಸೇರಬೇಕಾದ ಕವಾಯತಿನ ದಿನ ಟ್ರಿಪ್‌ನ ಪಡೆಯಲ್ಲಿ ಬಂದವರು ಅರ್ಧ ಮಂದಿ. ಬಂದವರ ಹೆಗಲ ಮೇಲೆ ಬಂದೂಕಿನ ಬದಲು ಒಣಗಿದ ಜೋಳದ ದಂಟು, ಪೊರಕೆ ಕೋಲು, ಒಬ್ಬನ ಬಳಿ ಕೊಡೆ. ಜನ ಶುಂಠಿ ಕೇಕು ತಿನ್ನುತ್ತ ನಗುತ್ತಿದ್ದರು. ನಮ್ಮವರು ಸಾಲಾಗಿ ಒಳಗೆ ಬಂದಾಗ ನಗು ನಿಂತಿತು.

ಟ್ರಿಪ್ ಕೆಂಡವಾಗಿ ಓಡಿಬಂದ. ಈ ಮೈದಾನದಲ್ಲಿ ಇವತ್ತು ತನ್ನದೇ ಹುಕುಂ, ಈ ಕ್ಷಣ ಜಾಗ ಖಾಲಿ ಮಾಡಬೇಕು ಎಂದ.

"ನಿಮ್ ಹುಕುಂ ಯಾರ ಮೇಲೆ ನಡೆಯುತ್ತೆ ಕ್ಯಾಪ್ಟನ್ರೇ?" ಪ್ರೈಮಸ್ ಕೇಳಿದ.

"ಪಡೆಯೋರ ಮೇಲೆ."

"ನಾವು ಪಡೆಯೋರಲ್ಲ ಅಂತ ನೀವೇ ಓದಿ ಹೇಳಿದ್ರಿ. ಇದು ಊರ ಮೈದಾನ, ನಾವು ಊರ ಜನ. ಹೊರಗೆ ಕಳಿಸ್ಬೇಕು ಅಂದ್ರೆ ಮೊದ್ಲು ನಮ್ ಹೆಸ್ರು ಒಳಗೆ ಬರ್ಕೊಳ್ಳಿ. ಪಟ್ಟಿ ಕೈಲೇ ಇದ್ಯಲ್ಲ."

ಟ್ರಿಪ್‌ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪಟ್ಟಿ ತೆರೆದ, ಪೆನ್ಸಿಲ್ ತೆಗೆದ. ಆಮೇಲೆ ಎರಡನ್ನೂ ಜೇಬಿಗೆ ತುರುಕಿ, ಜೋಳದ ದಂಟಿನವರ ಕಡೆ ಹೊರಟುಹೋದ.

ಪ್ರೈಮಸ್ ನಮ್ಮವರತ್ತ ತಿರುಗಿ ಕೂಗಿದ. ಮೂವತ್ತು ಬಂದೂಕುಗಳು ಒಂದೇ ಸದ್ದಿನಲ್ಲಿ ಹೆಗಲೇರಿದವು. ನಾನು ನಾಚಿಕೆ ಬಿಟ್ಟು ಅತ್ತೆ.

ಆಗಸ್ಟ್‌ನಲ್ಲಿ ಅವನಿಗೆ ನಲವತ್ತೈದಾಯಿತು. ಮರುವರ್ಷವೂ ಕೋಟು ತೊಟ್ಟು ಮೈದಾನಕ್ಕೆ ಹೊರಟ. ನಿಮಗೆ ವಯಸ್ಸು ದಾಟಿತಲ್ಲ ಎಂದೆ.

"ಪಟ್ಟಿಗೆ ಸೇರಿಸ್ಕೊಂಡಿದ್ರೆ ತಾನೇ ತೆಗೆದುಹಾಕೋದು," ಎಂದು ಬಂದೂಕು ಹೆಗಲಿಗೇರಿಸಿದ.